ಊರಿನಲ್ಲಿ, ಊರಾಗ, ಊರೊಳಗೆ

ಕೆಲವು ವರ್ಷಗಳ ಹಿಂದೆ ಹೊಸಪೇಟೆಯ ಒಂದು ಕಾಲೇಜಿನ ವಾರ್ಷಿಕ ಸಂಚಿಕೆಗೆ ಬಂದ ಕತೆಗಳನ್ನು ತಿದ್ದುವ ಕೆಲಸ ನನಗೆ ಬಿತ್ತು. ಸಂಡೂರಿನಿಂದ ದಿನಾ ಬಸ್ಸಿಗೆ ಬರುತ್ತಿದ್ದ ಹುಡುಗಿಯೊಬ್ಬಳು ಗಣಿ ಕೆಲಸಕ್ಕೆ ಹೋಗುವ ಅಪ್ಪನ ಬಗ್ಗೆ ಬರೆದಿದ್ದಳು. ಅದರಲ್ಲಿ ‘ಅಪ್ಪ ಗುಡ್ಡದೊಳಗ ಇದ್ದ’ ಎಂಬ ಮಾತಿತ್ತು. ಸಂಡೂರಿನ ಕಬ್ಬಿಣದ ಅದಿರಿನ ಗಣಿಗಳು ತೆರೆದ ಗಣಿಗಳು. ಸುರಂಗ ಕೊರೆದು ಇಳಿಯುವಂಥವಲ್ಲ, ಗುಡ್ಡವನ್ನೇ ಮೆಟ್ಟಿಲು ಮೆಟ್ಟಿಲಾಗಿ ಕೆತ್ತುವಂಥವು. ನಾನು ಜಾಣನಂತೆ ‘ಗುಡ್ಡದ ಮೇಲೆ’ ಎಂದು ತಿದ್ದಿದೆ. ಉಳಿದ ಕಡೆ ಅವಳ ‘ಊರಾಗ’, ‘ಮನ್ಯಾಗ’, ‘ಬಸ್ಸಿನಾಗ’ ಎಲ್ಲವನ್ನೂ ‘ಅಲ್ಲಿ’ ಮಾಡಿದೆ. ಅಚ್ಚಾದ ಪ್ರತಿ ನೋಡಿ ಅವಳು ಹೇಳಿದ್ದು ಇಷ್ಟೇ: “ಮ್ಯಾಲೆ ಏನ್ ಉಳಿದೈತಿ ಸರ್? ಈಗ ಅಲ್ಲಿರೋದೆಲ್ಲ ಒಳಗs.”

ಆ ಮಾತಿಗೆ ಉತ್ತರ ಹುಡುಕುತ್ತ ವ್ಯಾಕರಣದ ಪುಸ್ತಕ ತೆಗೆದವನು ನಾನು. ಇಂಗ್ಲಿಷಿನ ‘ಇನ್’ ಎಂಬ ಪುಟ್ಟ ಪದಕ್ಕೆ ಕನ್ನಡದಲ್ಲಿ ಏನಿದೆ ಎಂದು ಕೇಳಿದರೆ ಶಾಲೆ ಓದಿದ ಯಾರಾದರೂ ‘ಅಲ್ಲಿ’ ಎನ್ನುತ್ತಾರೆ. ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ: ಕೊನೆಯದು ಸಪ್ತಮಿ. ಆದರೆ 13ನೇ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಪ್ರತ್ಯಯಗಳನ್ನು ಸಾಲಾಗಿ ಹೇಳುವಾಗ ಸಪ್ತಮಿಯ ಸ್ಥಾನದಲ್ಲಿ ಕೂರಿಸಿದ್ದು ‘ಒಳ್’ ಎಂಬುದನ್ನು. ಅದಕ್ಕೂ ಎಷ್ಟೋ ಹಿಂದಿನ ಹಲ್ಮಿಡಿ ಶಾಸನದಲ್ಲಿ ‘ನಾಡುಳ್’ ಎಂಬ ರೂಪವಿದೆ. ಇದು ಅದೇ ಮನೆತನದ್ದು. ಹಂಪಿಯಲ್ಲಿ ಕುಳಿತು ಹರಿಹರ ರಗಳೆ ಬರೆದ ಕಾಲಕ್ಕೂ ಈ ‘ಒಳ್’ಗೆ ಮುಪ್ಪು ಬಂದಿರಲಿಲ್ಲ. ‘ಅಲ್ಲಿ’ ಆಗಲೂ ಇತ್ತು, ನಿಜ. ಆದರೆ ಅದು ಇಡೀ ಮನೆಗೆ ಯಜಮಾನ ಆದದ್ದು ನಂತರ.

ಈ ಎರಡು ಪದಗಳ ಹುಟ್ಟು ಬೇರೆ ಬೇರೆ. ‘ಅಲ್ಲಿ’ ಎಂದರೆ ಬೆರಳು ತೋರಿಸುವ ಪದ: ಇಲ್ಲಿ, ಅಲ್ಲಿ, ಎಲ್ಲಿ. ‘ಮನೆಯಲ್ಲಿ’ ಎಂದರೆ ಮನೆ ಇರುವ ಆ ಜಾಗದಲ್ಲಿ. ಜಗಲಿಯ ಮೇಲಿದ್ದರೂ, ಹಿತ್ತಲಲ್ಲಿದ್ದರೂ ಮನುಷ್ಯ ಮನೆಯಲ್ಲೇ ಇದ್ದಾನೆ. ‘ಒಳ’ ಹಾಗಲ್ಲ, ಅದೊಂದು ನಾಮಪದ. ಅದಕ್ಕೆ ಹೊಟ್ಟೆಯಿದೆ, ಗೋಡೆಯಿದೆ, ಹೊರಗೆ ಎಂಬ ಎದುರಾಳಿಯಿದೆ. ‘ಮನೆಯೊಳಗಿದ್ದಾರೆ’ ಎಂದರೆ ಹೊಸಿಲು ದಾಟಿದ್ದಾರೆ ಎಂದೇ ಅರ್ಥ. ತಮಿಳಿನ ‘ಉಳ್’ ಇದರ ಅಣ್ಣತಮ್ಮ. ತೆಲುಗಿನ ‘ಲೋ’ ಕೂಡ ಇದೇ, ಸ್ವರ ಮತ್ತು ವ್ಯಂಜನ ಜಾಗ ಬದಲಿಸಿಕೊಂಡಿವೆ ಅಷ್ಟೆ. ಹೊಸಪೇಟೆಯ ಸಂತೆಯಲ್ಲಿ ಒಬ್ಬಾಕೆ ‘ಇಂಟ್ಲೋ’ ಎಂದು, ಪಕ್ಕದಾಕೆ ‘ಮನಿಯೊಳಗ’ ಎಂದು ಹೇಳುವಾಗ ಇಬ್ಬರ ಬಾಯಲ್ಲೂ ಒಂದೇ ಹಳೆಯ ಪದ ಓಡಾಡುತ್ತಿರುತ್ತದೆ.

ಈಗ ‘ಊರಾಗ’, ‘ಮನ್ಯಾಗ’ಗಳಿಗೆ ಬರೋಣ. ಕಂಪ್ಲಿ ಕಡೆ ಒಬ್ಬರದೇ ಮಾತಿನಲ್ಲಿ ಅವಸರಕ್ಕೆ ‘ಗದ್ದ್ಯಾಗ’, ಒತ್ತಿ ಹೇಳುವಾಗ ‘ಗದ್ದಿಯೊಳಗ’ ಬರುವುದನ್ನು ಕೇಳಿದ್ದೇನೆ. ಒಳಗೆ, ಒಳಗ, ಆಗ: ಪದ ಸವೆದ ದಾರಿ ಇದು ಎಂದೇ ನನ್ನ ಓದು. ಹಾಗಿದ್ದರೆ ನಾನು ‘ಅಶುದ್ಧ’ ಎಂದು ಕೆಂಪು ಗೆರೆ ಎಳೆದದ್ದು ಕೇಶಿರಾಜನ ಸಪ್ತಮಿಯ ವಂಶಕ್ಕೆ. ಹಳತು ಎನ್ನುವ ಕಾರಣಕ್ಕೇ ಒಂದು ರೂಪ ಮೇಲಾಗುವುದಿಲ್ಲ, ಆ ವಾದ ನನಗೆ ಬೇಡ. ಆದರೆ ಆಡುಮಾತನ್ನು ‘ಕೆಟ್ಟ ಕನ್ನಡ’ ಎನ್ನುವವರು ಸಾಮಾನ್ಯವಾಗಿ ಹಳಗನ್ನಡದ ಹೆಸರು ಹೇಳಿಯೇ ಹಾಗೆನ್ನುವುದರಿಂದ ಇಷ್ಟು ನೆನಪಿಸಬೇಕಾಯಿತು.

ಇಂಗ್ಲಿಷಿನ ‘ಇನ್’ ಚರಿತ್ರೆಯೂ ನೆಟ್ಟಗಿನದಲ್ಲ. ಲ್ಯಾಟಿನ್ನಿನ ‘ಇನ್’, ಗ್ರೀಕಿನ ‘ಎನ್’ ಅದರ ನೆಂಟರು. ಹಳೆಯ ಇಂಗ್ಲಿಷಿನ ಎಷ್ಟೋ ಬರಹಗಳಲ್ಲಿ ಇಂದು ‘ಇನ್’ ಬರಬೇಕಾದ ಕಡೆ ‘ಆನ್’ ಬರುತ್ತಿತ್ತು, ಎರಡರ ನಡುವಿನ ಬೇಲಿ ಗಟ್ಟಿಯಾದದ್ದು ಆಮೇಲೆ. ಈಗಲೂ ಅವರು ಕಾರಿನ ‘ಒಳಗೆ’, ಬಸ್ಸಿನ ‘ಮೇಲೆ’ ಕೂರುತ್ತಾರೆ. ನಮ್ಮಲ್ಲಿ ಬಸ್ಸಿನ ಮೇಲೆ ಕೂತವನು ನಿಜವಾಗಿಯೂ ಟಾಪಿನ ಮೇಲಿರುತ್ತಾನೆ.

ತೊಂದರೆ ಶುರುವಾಗುವುದು ‘ಇನ್’ ಕಂಡಲ್ಲೆಲ್ಲ ನಾವು ಕಣ್ಣು ಮುಚ್ಚಿ ‘ಅಲ್ಲಿ’ ಹಚ್ಚುವಾಗ. ಅನುವಾದದ ಕತೆಗಳಲ್ಲಿ ‘ಕಪ್ಪು ಸೀರೆಯಲ್ಲಿದ್ದ ಹೆಂಗಸು’ ಬರುತ್ತಾಳೆ. ಕನ್ನಡದ ಹೆಂಗಸು ಸೀರೆಯಲ್ಲಿ ಇರುವುದಿಲ್ಲ, ಸೀರೆ ಉಟ್ಟಿರುತ್ತಾಳೆ. ನಾಯಕ ‘ಪ್ರೀತಿಯಲ್ಲಿ ಬೀಳುತ್ತಾನೆ’. ಗೆಳೆಯರು ‘ಸಂಪರ್ಕದಲ್ಲಿರುತ್ತಾರೆ’. ಇವುಗಳಲ್ಲಿ ಕೆಲವು ಈಗ ನಮ್ಮವೇ ಆಗಿಬಿಟ್ಟಿವೆ, ಜಗಳವಾಡಿ ಪ್ರಯೋಜನವಿಲ್ಲ. ಆದರೆ ‘ಐದು ನಿಮಿಷದಲ್ಲಿ ಬರುತ್ತೇನೆ’ ಎಂಬ ವಾಕ್ಯ ನನಗಿನ್ನೂ ಚುಚ್ಚುತ್ತದೆ. ಇಂಗ್ಲಿಷಿನವನು ಹಾಗೆಂದರೆ ಹೆಚ್ಚಾಗಿ ಐದು ನಿಮಿಷ ಕಳೆದ ಮೇಲೆ ಎಂದರ್ಥ. ನಮ್ಮ ‘ಐದು ನಿಮಿಷದೊಳಗ’ದಲ್ಲಿ ಗಡುವಿದೆ, ಅದು ಮೀರಬಾರದು. ‘ಸಂಜೆಯೊಳಗೆ ಗದ್ದೆಗೆ ನೀರು ಬಿಡಬೇಕು’ ಎಂದಾಗ ಸಂಜೆ ಒಂದು ಗೋಡೆ. ‘ಸಂಜೆಯಲ್ಲಿ’ ಎಂದುಬಿಟ್ಟರೆ ಆ ಗೋಡೆ ಬೀಳುತ್ತದೆ, ನೀರೂ ತಪ್ಪುತ್ತದೆ.

‘ಅಲ್ಲಿ’ಯನ್ನು ಪೂರಾ ಬೈಯುವಂತಿಲ್ಲ, ಅದರ ಸಡಿಲತನಕ್ಕೂ ಬೆಲೆಯಿದೆ. 1991ರಲ್ಲಿ ಸ್ಥಾಪನೆಯಾದ ಕನ್ನಡ ವಿಶ್ವವಿದ್ಯಾಲಯ ‘ಹಂಪಿಯಲ್ಲಿದೆ’ ಎನ್ನುತ್ತೇವೆ. ಯಾರಿಗೂ ತಕರಾರಿಲ್ಲ. ‘ಹಂಪಿಯೊಳಗಿದೆ’ ಎಂದು ನೋಡಿ! ವಿರೂಪಾಕ್ಷ ಗುಡಿಯ ರಥಬೀದಿಯಲ್ಲಿ ಅದನ್ನು ಹುಡುಕಿದವರಿಗೆ ಕಮಲಾಪುರದ ಕಡೆ ಕೈತೋರಿಸಬೇಕಾಗುತ್ತದೆ. ‘ನನ್ನಲ್ಲಿ ದುಡ್ಡಿಲ್ಲ’, ‘ಅವರಲ್ಲಿ ಕೇಳು’ ಎಂಬಲ್ಲಿ ‘ಒಳಗೆ’ ಹಾಕಿದರೆ ನಗೆಪಾಟಲು. ಇನ್ನು ‘ನಮ್ಮ ಮನೆಯಲ್ಲಿ ಹೇಳ್ತಿದ್ರು’ ಎಂದರೆ ಹೆಂಡತಿಯೋ ಗಂಡನೋ ಹೇಳಿದ ಮಾತು. ಒಂದು ಪ್ರತ್ಯಯ ಹೆಸರು ಹೇಳದೆ ಒಬ್ಬ ಮನುಷ್ಯರನ್ನೇ ಅಡಗಿಸಿಟ್ಟುಕೊಂಡಿದೆ, ಇದನ್ನು ಯಾವ ಅನುವಾದಕ ದಾಟಿಸುತ್ತಾನೋ ನೋಡಬೇಕು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳ ಪೈಕಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಆ ದಿನಗಳಲ್ಲಿ ಈ ಭಾಗದವರೆಲ್ಲ ಪತ್ರಿಕೆಯಲ್ಲಿ ಓದುತ್ತಿದ್ದ ಎರಡು ಪದ ‘ಒಳಹರಿವು’ ಮತ್ತು ‘ಹೊರಹರಿವು’. ಇಂಜಿನಿಯರುಗಳ ಭಾಷೆಗೂ ಇಲ್ಲಿ ‘ಒಳ’ವೇ ಬೇಕಾಯಿತು ನೋಡಿ. ರೈತರು ಕೇಳುತ್ತಿದ್ದದ್ದು ‘ಡ್ಯಾಮಿನಾಗ ಎಷ್ಟು ಉಳೀತು?’ ಎಂದು. ಇದನ್ನು ‘ಜಲಾಶಯದಲ್ಲಿ ಎಷ್ಟು ನೀರು ಉಳಿಯಿತು’ ಎಂದು ಬರೆದರೆ ತಪ್ಪಿಲ್ಲ, ಮಾಹಿತಿ ಅಷ್ಟೇ ಇರುತ್ತದೆ. ಆದರೆ ಬೆಳೆಗೆ ನೀರು ಸಿಗುತ್ತದೋ ಇಲ್ಲವೋ ಎಂದು ಕೂತವನಿಗೆ ಡ್ಯಾಮ್ ಒಂದು ಜಾಗವಲ್ಲ. ಅದೊಂದು ಪಾತ್ರೆ, ಒಳಗೆ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ನಮ್ಮ ಕತೆಗಾರರು ‘ಆಗ’ವನ್ನು ಪಾತ್ರಗಳ ಮಾತಿನೊಳಗೆ, ಉದ್ಧರಣ ಚಿಹ್ನೆಗಳ ನಡುವೆ ಮಾತ್ರ ಬಿಟ್ಟುಕೊಳ್ಳುತ್ತಾರೆ. ನಿರೂಪಣೆಗೆ ಬಂದ ಕೂಡಲೇ ‘ಅಲ್ಲಿ’. ಪಾತ್ರ ಊರಾಗ ಬದುಕುತ್ತದೆ, ಲೇಖಕ ಊರಿನಲ್ಲಿ ನಿಂತು ನೋಡುತ್ತಾನೆ. ಇದು ಎಷ್ಟೋ ಸಲ ಬೇಕೆಂದೇ ಮಾಡಿದ ಆಯ್ಕೆ, ಒಪ್ಪುತ್ತೇನೆ. ಆ ಹುಡುಗಿಯ ಕತೆಯಲ್ಲಿ ಮಾತ್ರ ಅಂಥ ದೂರ ಇರಲಿಲ್ಲ. ಅದನ್ನು ತಂದಿಟ್ಟವನು ನಾನು. ಅಪ್ಪನ ಬಗ್ಗೆ ಅವಳ ಭಯವೆಲ್ಲ ಇದ್ದದ್ದು ಆ ‘ಒಳಗ’ದಲ್ಲೇ, ಕೆತ್ತಿ ಕೆತ್ತಿ ಗುಂಡಿಯಾದ ಗುಡ್ಡ ಅವನನ್ನು ನುಂಗಿಕೊಂಡಿತ್ತು. ‘ಮೇಲೆ’ ಎಂದು ತಿದ್ದಿ ನಾನು ಅವನನ್ನು ಗಾಳಿ ಬೆಳಕಿಗೆ ತಂದು ನಿಲ್ಲಿಸಿದ್ದೆ.

ಈಚೆಗೆ ಅವಳು ಅದೇ ಕತೆಯನ್ನು ಒಂದು ಸಂಕಲನಕ್ಕೆ ಕೊಡುವ ಮೊದಲು ನನಗೆ ಓದಲು ಕಳಿಸಿದಳು. ‘ಗುಡ್ಡದೊಳಗ’ ವಾಪಸು ಬಂದಿತ್ತು, ‘ಊರಾಗ’ವೂ. ಕೆಳಗೆ ಒಂದು ಸಾಲಿನ ಚೀಟಿ: ಈ ಸಲ ಕಾಗುಣಿತ ಅಷ್ಟೇ ನೋಡಿ ಸರ್.