ಪಂಚೆ ಎತ್ತಿ ಕಟ್ಟೋ ಕೈ

ಒಂದು ಭಾನುವಾರ ಬೆಳಿಗ್ಗೆ ಮದ್ದೂರು ಬಸ್ ಸ್ಟ್ಯಾಂಡಿನಲ್ಲಿ ಅರ್ಧ ಗಂಟೆ ನಿಂತು, ಅರವತ್ತು ದಾಟಿದ ಗಂಡಸರ ಬಟ್ಟೆ ಗಮನಿಸಿ. ಯಾರ ಮಗ ಬೆಂಗಳೂರಲ್ಲಿ ಸಾಫ್ಟ್‌ವೇರು ಅಂತ ಕೇಳೋದೇ ಬೇಡ. ಬಿಳಿ ಪಂಚೆ, ಅದರ ಮೇಲೆ ಯಾವುದೋ ಹ್ಯಾಕಥಾನ್‌ನಲ್ಲಿ ಪುಕ್ಕಟೆ ಸಿಕ್ಕ ಕಪ್ಪು ಟೀ ಶರ್ಟು. ಬೆನ್ನ ಮೇಲೆ ಕ್ಲೌಡ್ ಕಂಪನಿಯ ಜಾಹೀರಾತು. ಕಬ್ಬಿಗೆ ನೀರು ಕಟ್ಟೋರಿಗೆ ಕ್ಲೌಡ್ ಅಂದ್ರೆ ಮೋಡ, ಅದೂ ಸಮಯಕ್ಕೆ ಬಾರದ ಮೋಡ.

ನಗು ಬರುತ್ತೆ, ಸರಿ. ಆದರೆ ಈ ಟೀ ಶರ್ಟಿನ ಹಿಂದೆ ನಮ್ಮ ತಲೆಮಾರಿನ ಒಂದು ನಂಬಿಕೆ ಇದೆ. ಹಳ್ಳಿಯ ವಯಸ್ಸಾದ ಗಂಡಸರಿಗೆ ಸ್ಟೈಲ್ ಅಂತ ಏನೂ ಇರಲಿಲ್ಲ, ಕ್ಯಾಶುಯಲ್ ವೇರ್ ಅನ್ನೋದನ್ನ ನಾವು ತಂದುಕೊಟ್ವಿ ಅಂತ. ಅದು ತಪ್ಪು ಅನ್ನೋದೇ ನನ್ನ ತಕರಾರು.

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಹಿರಿಯರ ಬಟ್ಟೆಗೆ ಪಕ್ಕಾ ಲೆಕ್ಕಾಚಾರ ಇದೆ. ಮನೇಲಿ, ಜಗಲಿ ಮೇಲೆ ಚೌಕುಳಿ ಲುಂಗಿ, ಬನಿಯನ್ನು. ಗದ್ದೆಗೆ ಇಳಿದರೆ ಪಟಾಪಟಿ ಚಡ್ಡಿ. ಪೇಟೆಗೆ ಹೊರಟರೆ ತೆಳು ಅಂಚಿನ ಬಿಳಿ ಪಂಚೆ, ಅರ್ಧ ತೋಳಿನ ಅಂಗಿ, ಹೆಗಲ ಮೇಲೆ ಟವೆಲ್ಲು. ಪಟಾಪಟಿ ಚಡ್ಡಿಯನ್ನು ಕಾಮಿಡಿ ಸೀನಿಗೆ ಇಟ್ಟುಕೊಂಡವರಿಗೆ ಅದರ ಆಳದ ಜೇಬು ಗೊತ್ತಿಲ್ಲ. ಸಂತೆಗೆ ಹೋಗುವಾಗ ಪಂಚೆಯ ಒಳಗೆ ದುಡ್ಡು ಭದ್ರವಾಗಿ ಕೂರೋದು ಅಲ್ಲೇ. ಟವೆಲ್ಲಂತೂ ಬಿಸಿಲಿಗೆ ರುಮಾಲು, ಬಸ್ಸಿನಲ್ಲಿ ಸೀಟಿನ ರಿಸರ್ವೇಶನ್ನು, ಮಧ್ಯಾಹ್ನ ಮರದಡಿ ಹಾಸಿಗೆ.

ಪಂಚೆಯ ವಿಶೇಷ ಅಂದ್ರೆ, ಸಂದರ್ಭ ಬದಲಾದರೆ ಬಟ್ಟೆ ಬದಲಿಸಬೇಕಿಲ್ಲ, ಕಟ್ಟು ಬದಲಿಸಿದರೆ ಸಾಕು. ಕೆಸರು ಬಂದ್ರೆ ಎತ್ತಿ ಕಟ್ಟು, ಬೀಗರು ಬಂದ್ರೆ ಇಳಿಬಿಡು. ಜಗಳಕ್ಕೆ ನಿಂತವನು ಪಂಚೆ ಎತ್ತಿ ಕಟ್ಟಿದ ಅಂದ್ರೆ ಊರಿಗೇ ಅರ್ಥವಾಗುತ್ತೆ. ಮಳವಳ್ಳಿ ಕಡೆಯ ನಮ್ಮೂರಲ್ಲಿ ನಮ್ಮಪ್ಪ ಟ್ರ್ಯಾಕ್ ಪ್ಯಾಂಟನ್ನ ಒಂದು ದಿನ ಹಾಕ್ಕೊಂಡು ಹೇಳಿದ್ದು ಇಷ್ಟೇ: "ಇದ್ಯಾತರ ಬಟ್ಟೆಲಾ ಮಗ, ಎತ್ತಿ ಕಟ್ಟಕೂ ಆಗಲ್ಲ, ಇಳಿಬುಡಕೂ ಆಗಲ್ಲ." ಯಾವ ಫ್ಯಾಶನ್ ಪತ್ರಿಕೆಯಲ್ಲೂ ಇಷ್ಟು ಚಿಕ್ಕ, ಇಷ್ಟು ಖಡಕ್ ವಿಮರ್ಶೆ ನಾನು ಓದಿಲ್ಲ.

ನಮ್ಮ ಸಿನಿಮಾಗಳು ಈ ಬಟ್ಟೆಯನ್ನ ಹೇಗೆ ನೋಡಿವೆ? ಕಮರ್ಷಿಯಲ್ ಚಿತ್ರದ ಮಂಡ್ಯದ ಗೌಡರು ಬೆಳಿಗ್ಗೆ ಆರಕ್ಕೇ ಜರಿ ಅಂಚಿನ ಪಂಚೆ ಉಟ್ಟು, ಶಲ್ಯ ಹೊದ್ದು, ಹಸುವಿನ ಬೆನ್ನು ಸವರ್ತಾ ನಿಂತಿರ್ತಾರೆ. ಅಂಗಿಯ ಗಂಜಿ ಕಂಪ್ಲೀಟು, ಸಗಣಿಯ ಒಂದು ಕಲೆ ಇಲ್ಲ. ಇದಕ್ಕೆ ಉತ್ತರದ ಹಾಗೆ ಬಂದದ್ದು ರಾಮ್ ರೆಡ್ಡಿಯವರ 'ತಿಥಿ'. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದ ಈ ಚಿತ್ರದಲ್ಲಿ ನಟಿಸಿದವರು ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಸುತ್ತಮುತ್ತಲ ಜನ. ಅಲ್ಲಿ ಯಾರ ಬಟ್ಟೆಯೂ ಕ್ಯಾಮೆರಾಗೆ ಅಂತ ಹಾಕಿದ್ದು ಅನ್ನಿಸಲ್ಲ. ಆಸ್ತಿ ಬೇಡ ಅಂತ ಊರು ಸುತ್ತೋ ಗಡ್ಡಪ್ಪನನ್ನ ಚಿತ್ರ ನೋಡಿದವರು ಮರೆಯೋದು ಕಷ್ಟ. ಅವನು ಸ್ಟೈಲ್ ಮಾಡಲ್ಲ, ಅವನಿಗೇ ಒಂದು ಸ್ಟೈಲ್ ಇದೆ.

ಹಾಗಂತ ಪಂಚೆ ಉಟ್ಟವರದ್ದು ಮಾತ್ರ ಸ್ಟೈಲು ಅಂತಲ್ಲ. ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯಲ್ಲಿ 1932ರಲ್ಲಿ ಹುಟ್ಟಿ, ಅಮೆರಿಕದಲ್ಲಿ ಓದಿ, ಟೆನ್ನಿಸ್ ಹುಚ್ಚು ಹತ್ತಿಸಿಕೊಂಡ ಎಸ್.ಎಂ. ಕೃಷ್ಣ ಕೊನೆಯವರೆಗೂ ಒಪ್ಪವಾಗಿ ಉಡುವ ರಾಜಕಾರಣಿ ಅಂತಲೇ ಹೆಸರಾಗಿದ್ದವರು. ವಿದೇಶಾಂಗ ಸಚಿವರಾಗಿ ಸೂಟು ಹಾಕಿದಾಗ ಅವರು ಬೇರೆಯವರ ಬಟ್ಟೆ ಹಾಕಿದ ಹಾಗೆ ಕಾಣಲಿಲ್ಲ. ಇತ್ತ ಎಚ್.ಡಿ. ದೇವೇಗೌಡರು 1996ರಲ್ಲಿ ಪ್ರಧಾನಿಯಾದಾಗಲೂ ಪಂಚೆ ಬಿಡಲಿಲ್ಲ. ಒಬ್ಬರದು ಸೂಟು, ಒಬ್ಬರದು ಪಂಚೆ. ಇಬ್ಬರಲ್ಲೂ ಸಮಾನವಾದದ್ದು ಒಂದೇ: ಹಾಕಿದ ಬಟ್ಟೆಗೆ ಯಾರ ಮುಂದೆಯೂ ಸಮಜಾಯಿಷಿ ಕೊಡಲಿಲ್ಲ.

ಆದರೆ ಹೆಸರಿಲ್ಲದ ಮುದುಕರಿಗೆ ಆ ಸವಲತ್ತು ಇಲ್ಲ. 2024ರ ಜುಲೈನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಮಾಲ್‌ಗೆ ಮಗನ ಜೊತೆ ಸಿನಿಮಾ ನೋಡಲು ಬಂದ ಹಾವೇರಿ ಕಡೆಯ ರೈತರೊಬ್ಬರನ್ನ ಪಂಚೆ ಉಟ್ಟಿದ್ದಾರೆ ಅಂತ ಬಾಗಿಲಲ್ಲೇ ತಡೆದರು. ಗಲಾಟೆಯಾಗಿ, ಸರ್ಕಾರ ಆ ಮಾಲನ್ನ ಏಳು ದಿನ ಮುಚ್ಚಿಸಿತು. ಅದಕ್ಕೂ ಒಂದು ವರ್ಷ ಮೊದಲು ಗ್ರೇಟರ್ ನೋಯ್ಡಾದ ಅಪಾರ್ಟ್‌ಮೆಂಟೊಂದು ಲುಂಗಿ, ನೈಟಿ ಹಾಕ್ಕೊಂಡು ಹೊರಗೆ ಓಡಾಡಬೇಡಿ ಅಂತ ಸುತ್ತೋಲೆ ಹೊರಡಿಸಿತ್ತು. ಅಪಾರ್ಟ್‌ಮೆಂಟಿಗೆ ಬರೋ ಅಪ್ಪಂದಿರಿಗೆ ನಾವು ಅರ್ಜೆಂಟಾಗಿ ಟ್ರ್ಯಾಕ್ ಪ್ಯಾಂಟ್ ಕೊಡಿಸೋದರಲ್ಲಿ ಪ್ರೀತಿ ಎಷ್ಟು, ವಾಚ್‌ಮನ್ ಏನಂದುಕೊಳ್ತಾನೋ, ಎದುರು ಮನೆಯವರು ಏನಂದುಕೊಳ್ತಾರೋ ಅನ್ನೋ ಭಯ ಎಷ್ಟು ಅಂತ ಅವರವರೇ ಲೆಕ್ಕ ಹಾಕಿಕೊಳ್ಳಬಹುದು.

ಇಲ್ಲಿ ಇನ್ನೊಂದು ಗುಂಪಿಗೂ ಎರಡು ಮಾತು ಹೇಳಬೇಕು. 'ಪಂಚೆಯೇ ನಮ್ಮ ಸಂಸ್ಕೃತಿ' ಅಂತ ವರ್ಷಕ್ಕೊಂದು ದಿನ ಆಫೀಸಿನ ರಾಜ್ಯೋತ್ಸವಕ್ಕೆ ವೆಲ್‌ಕ್ರೋ ಪಂಚೆ ಸುತ್ತಿ ಫೋಟೋ ಹಾಕೋರು ಅವರು. ಆ ಬಿಳಿ ಪಂಚೆ ತಾನೇ ಬಿಳಿಯಾಗಲ್ಲ ಸ್ವಾಮಿ. ನೀಲಿ ಹಾಕಿ, ಗಂಜಿ ಹಾಕಿ, ಕಾಲುವೆಯಲ್ಲಿ ಕುಕ್ಕಿ ಒಗೆದ ಕೈ ಅವ್ವಂದು. ಜೊತೆಗೆ ಹಳ್ಳಿಯಲ್ಲಿ ಬಟ್ಟೆಗೂ ಜಾತಿ ಇತ್ತು. ಯಾರು ಮೊಣಕಾಲಿನ ಕೆಳಗೆ ಉಡಬಹುದು, ಯಾರು ಟವೆಲ್ಲನ್ನ ಹೆಗಲಿಂದ ಇಳಿಸಬೇಕು ಅನ್ನೋದು ಬೀದಿಯ ಕಾನೂನಾಗಿತ್ತು. ಅಂಬೇಡ್ಕರ್ ಅವರ ಸೂಟು ಬರೀ ಬಟ್ಟೆಯಲ್ಲ, ಆ ಕಾನೂನಿಗೆ ಕೊಟ್ಟ ಉತ್ತರ ಅಂತ ಎಷ್ಟೋ ಜನ ಓದಿಕೊಂಡಿದ್ದು ಇದಕ್ಕೇ. ಹಾಗಾಗಿ ನಮ್ಮೂರಿನ ಒಬ್ಬ ಹಿರಿಯರು ಇಸ್ತ್ರಿ ಮಾಡಿದ ಪ್ಯಾಂಟು, ಇನ್‌ಶರ್ಟು, ಬೆಲ್ಟು ಹಾಕಿ ಸಂತೆಗೆ ಹೊರಟರೆ, 'ಹಳ್ಳಿಯವರಾಗಿ ಪಂಚೆ ಯಾಕೆ ಬಿಟ್ರಿ' ಅಂತ ಕೇಳೋ ಹಕ್ಕು ನಮಗಿಲ್ಲ.

ಹಾಗಾದರೆ ಒಳ್ಳೆ ಕ್ಯಾಶುಯಲ್ ಬಟ್ಟೆ ಯಾವುದು? ನನ್ನ ಅಳತೆಗೋಲು ಸಿಂಪಲ್ಲು. ಬಟ್ಟೆ ಆ ವಯಸ್ಸಿನ ಮೈಯ ಮಾತು ಕೇಳಬೇಕು. ರಾತ್ರಿ ಮೂರು ಸಲ ಬಚ್ಚಲಿಗೆ ಏಳೋ ಗಂಡಸಿಗೆ ಗಂಟು ಬಿದ್ದ ಲಾಡಿ ಶತ್ರು, ಲುಂಗಿ ನೆಂಟ. ಬೆರಳು ನಡುಗೋರಿಗೆ ಸಣ್ಣ ಗುಂಡಿ ಹಿಂಸೆ, ದೊಡ್ಡ ಗುಂಡಿ ಇರಲಿ. ಗುಂಡಿ ಬಿಚ್ಚೋ ಅಂಗಿಯಾದರೆ ಭುಜ ನೋವಿದ್ದರೂ ಹಾಕ್ಕೋಬಹುದು, ತಲೆ ಮೇಲಿಂದ ಎಳೆಯೋ ಟೀ ಶರ್ಟಿಗಿಂತ ವಾಸಿ. ಕನ್ನಡಕ, ಮಾತ್ರೆ ಚೀಟಿ, ಫೋನು ಹಿಡಿಯೋ ಎದೆ ಜೇಬು ಇರಲೇಬೇಕು. ಬಟ್ಟೆ ಹತ್ತಿಯದ್ದೇ ಆಗಲಿ, ಮಂಡ್ಯದ ಬಿಸಿಲಿಗೆ ಪಾಲಿಯೆಸ್ಟರ್ ಉಸಿರು ಕಟ್ಟಿಸುತ್ತೆ. ವೆಲ್‌ಕ್ರೋ ಪಂಚೆಯನ್ನ ಆಡಿಕೊಳ್ಳೋರು ಆಡಿಕೊಳ್ಳಲಿ, ಪಾರ್ಶ್ವವಾಯು ಆದ ಕೈಗೆ ಅದೇ ಮರ್ಯಾದೆ ಉಳಿಸೋ ಬಟ್ಟೆ. ಬೆಳಗಿನ ವಾಕಿಂಗಿಗೆ ಟ್ರ್ಯಾಕ್ ಪ್ಯಾಂಟೇ ಹಿತ ಅಂತ ಅವರೇ ಅಂದ್ರೆ, ಅದನ್ನೇ ಕೊಡಿಸಿ.

ಬಣ್ಣ, ಬ್ರ್ಯಾಂಡು ಆಮೇಲೆ ನೋಡೋಣ. ನಲವತ್ತು ವರ್ಷ ನಮಗೆ ಸ್ಕೂಲ್ ಯೂನಿಫಾರ್ಮಿನಿಂದ ಇಂಟರ್‌ವ್ಯೂ ಅಂಗಿವರೆಗೆ ಬಟ್ಟೆ ಕೊಡಿಸಿದವರು ತಮಗೆ ಬೇಕಾದ್ದನ್ನ ಅಂಗಡಿಯಲ್ಲಿ ನಿಂತು ಕೇಳಿದ್ದು ಕಡಿಮೆ. ಈ ಸಲ ಹಬ್ಬಕ್ಕೆ ಆನ್‌ಲೈನ್ ಆರ್ಡರ್ ಮಾಡೋ ಬದಲು ಅವರನ್ನೇ ಅಂಗಡಿಗೆ ಕರ್ಕೊಂಡು ಹೋಗಿ. ಬಟ್ಟೆ ಮುಟ್ಟಿ ನೋಡಲಿ, ಅಂಚು ಆರಿಸಲಿ, ರೇಟು ಜಾಸ್ತಿ ಅಂತ ಬೈಯಲಿ. ಬಿಲ್ಲು ಮಾತ್ರ ನಿಮ್ಮದು.