ಮೆಮೊರಿ ಲೀಕ್: ತೂಕ ನೋಡಿದರೆ ಸಾಲದು

'ಮೆಮೊರಿ ಲೀಕ್' ಅನ್ನೋದನ್ನ ಕನ್ನಡದಲ್ಲಿ 'ಸ್ಮೃತಿ ಸೋರಿಕೆ' ಅಂತ ಬರೆಯೋದುಂಟು. ಆ ಮಾತಿನಲ್ಲೇ ಒಂದು ತೊಡಕಿದೆ. ಸೋರಿಕೆ ಅಂದ ಕೂಡಲೇ ತೂತಾದ ಕೊಡ, ಹೊರಗೆ ಹರಿಯೋ ನೀರು ಕಣ್ಣ ಮುಂದೆ ಬರುತ್ತೆ. ಪ್ರೋಗ್ರಾಮಿನಲ್ಲಿ ಆಗೋದು ಇದರ ಉಲ್ಟಾ. ಹೊರಗೆ ಹೋಗಬೇಕಾದದ್ದು ಹೋಗದೆ ಒಳಗೇ ಉಳಿಯುತ್ತೆ, ಬಚ್ಚಲ ಪೈಪಿನಲ್ಲಿ ಕಸ ಕಟ್ಟಿಕೊಂಡ ಹಾಗೆ. ಇಂಗ್ಲಿಷಿನ ಪದಕ್ಕೂ ಇದೇ ದೋಷ ಇದೆ. ದೋಷ ಪದದಲ್ಲಷ್ಟೇ ಇದ್ದಿದ್ದರೆ ಸುಮ್ಮನಿರಬಹುದಿತ್ತು. ನಾವು ಬರೆಯೋ ಟೆಸ್ಟುಗಳೂ ಅದೇ ದಾರಿ ಹಿಡಿದಿವೆ ಅನ್ನೋದು ನನ್ನ ತಕರಾರು. ನೀರಿನ ಮಟ್ಟ ಅಳೀತೀವಿ; ಕಟ್ಟಿಕೊಂಡಿರೋದು ಏನು ಅಂತ ಕೇಳೋದಿಲ್ಲ.

ಪಾಡ್‌ಕಾಸ್ಟ್‌ನಲ್ಲಿ ಕೇಳುವಾಗ ಕೋಡ್ ಕಾಣೋದಿಲ್ಲ. ಹಾಗಾಗಿ ಮೊದಲು ವಿಷಯವನ್ನ ಕೋಡಿಲ್ಲದೇ ಹೇಳ್ತೀನಿ.

ಮನಾಮದ ಗುದೈಬಿಯಾದಲ್ಲಿ ಒಂದು ಕಟ್ಟಡ ಇದೆ ಅಂತ ಊಹಿಸಿ. ಅಲ್ಲಿನ ವಾಚ್‌ಮನ್‌ಗೆ ಒಂದೇ ನಿಯಮ: ಒಬ್ಬರ ಹೆಸರಲ್ಲಿ 'ಇವರು ನನಗೆ ಬೇಕು' ಅನ್ನೋ ಚೀಟಿ ಒಂದಾದರೂ ಇರೋ ತನಕ ಅವರ ಕೋಣೆ ಖಾಲಿ ಮಾಡಬಾರದು. ಪಕ್ಕಪಕ್ಕದ ಕೋಣೆಯಲ್ಲಿ ಇಬ್ಬರು ಗೆಳೆಯರು. ಇಬ್ಬರಿಗೂ ಕಂಪನಿ ಚೀಟಿ ಕೊಟ್ಟಿದೆ. ಜೊತೆಗೆ ಅವರಿವರೂ ಒಬ್ಬರಿಗೊಬ್ಬರು ಚೀಟಿ ಬರೆದುಕೊಟ್ಟಿದ್ದಾರೆ. ಕೆಲಸ ಮುಗೀತು, ಕಂಪನಿ ತನ್ನ ಚೀಟಿ ವಾಪಸ್ ತಗೊಂಡಿತು, ಇಬ್ಬರೂ ಮಂಗಳೂರಿನ ವಿಮಾನ ಹತ್ತಿದರು. ವಾಚ್‌ಮನ್ ಎಣಿಸಿ ನೋಡ್ತಾನೆ: ಮೊದಲನೆಯವರ ಹೆಸರಲ್ಲಿ ಒಂದು ಚೀಟಿ ಇದೆ, ಎರಡನೆಯವರು ಬರೆದದ್ದು. ಎರಡನೆಯವರ ಹೆಸರಲ್ಲೂ ಒಂದಿದೆ, ಮೊದಲನೆಯವರು ಬರೆದದ್ದು. ಕೋಣೆಗಳು ಹಾಗೇ ಉಳೀತವೆ. ಖಾಲಿ ಕೋಣೆಯಲ್ಲಿ ಎಸಿ ಓಡ್ತಾನೇ ಇರುತ್ತೆ.

ಈ ಎಣಿಕೆಯ ಪದ್ಧತಿಗೆ ರೆಫರೆನ್ಸ್ ಕೌಂಟಿಂಗ್ ಅಂತಾರೆ. ಗೆಳೆಯರ ಪರಸ್ಪರ ಚೀಟಿಗಳೇ ಸರ್ಕ್ಯುಲರ್ ರೆಫರೆನ್ಸ್. ಜಾರ್ಜ್ ಕಾಲಿನ್ಸ್ ಈ ಪದ್ಧತಿಯನ್ನ 1960ರಲ್ಲಿ ಪ್ರಕಟಿಸಿದರು. ಮೂರೇ ವರ್ಷದಲ್ಲಿ, 1963ರಲ್ಲಿ, ಹೆರಾಲ್ಡ್ ಮೆಕ್‌ಬೆತ್ ಅನ್ನೋರು ಒಂದು ಪುಟ್ಟ ಪತ್ರ ಬರೆದು, ಸುತ್ತಾಗಿ ಹೆಣೆದುಕೊಂಡ ವಸ್ತುಗಳನ್ನ ಇದು ಯಾವತ್ತೂ ಬಿಡಿಸೋದಿಲ್ಲ ಅಂತ ತೋರಿಸಿದರು. ಜಾನ್ ಮೆಕಾರ್ಥಿಯವರ ಇನ್ನೊಂದು ಪದ್ಧತಿಯೂ 1960ರದ್ದೇ: ಚೀಟಿ ಎಣಿಸೋದು ಬೇಡ, ಮುಖ್ಯ ಗೇಟಿನಿಂದ ಹೊರಟು ಯಾರ್‍ಯಾರನ್ನ ತಲುಪಬಹುದೋ ಅವರನ್ನ ಉಳಿಸಿ, ಮಿಕ್ಕವರನ್ನ ತೆಗೀರಿ. ಇದಕ್ಕೆ ಸುತ್ತುಗಳ ಕಾಟ ಇಲ್ಲ.

ಹಾಗಿದ್ರೆ ಎಣಿಕೆ ಪದ್ಧತಿಯನ್ನ ಕೈಬಿಟ್ಟರಾ? ಇಲ್ಲ. ಎಂಐಟಿಯ ಹಳೇ ಹ್ಯಾಕರ್‌ಗಳ ನಡುವೆ ಒಂದು ಜೋಕ್ ಇದೆ. ಶಿಷ್ಯನೊಬ್ಬ ಗುರುವಿನ ಹತ್ರ ಬಂದು ರೆಫರೆನ್ಸ್ ಕೌಂಟಿಂಗ್ ಎಷ್ಟು ಚೆನ್ನ ಅಂತ ಹೇಳ್ತಾನೆ. ಗುರು ಉತ್ತರವಾಗಿ ಒಂದು ಕಥೆ ಶುರು ಮಾಡ್ತಾರೆ. ಆ ಕಥೆಯಲ್ಲಿ ಶಿಷ್ಯನೊಬ್ಬ ಗುರುವಿನ ಹತ್ರ ಬಂದು ಅದನ್ನೇ ಹೇಳ್ತಾನೆ. ಕಥೆ ಮುಗಿಯೋದೇ ಇಲ್ಲ. ಜೋಕ್ ಚೆನ್ನಾಗಿದೆ. ಆದರೆ ಅದನ್ನ ಕೇಳಿದ ವಿದ್ಯಾರ್ಥಿ 'ಎಣಿಕೆ ಅಂದರೆ ದಡ್ಡತನ' ಅಂದುಕೊಂಡು ಹೊರಡ್ತಾನೆ. ವಾಸ್ತವ ಬೇರೆ. ನಾವು ದಿನಾ ಬಳಸೋ ಪೈಥಾನ್, ಪಿಎಚ್‌ಪಿ, ಪರ್ಲ್, ಐಫೋನಿನ ಸ್ವಿಫ್ಟ್ ಎಲ್ಲ ನಿಂತಿರೋದು ಎಣಿಕೆಯ ಮೇಲೇನೇ. ಪೈಥಾನ್ 2000ದಲ್ಲಿ, ಪಿಎಚ್‌ಪಿ 2009ರಲ್ಲಿ ಸುತ್ತು ಹುಡುಕೋ ಕಲೆಕ್ಟರನ್ನ ಸೇರಿಸಿಕೊಂಡವು. ಪರ್ಲ್ 5 ಮತ್ತು ಸ್ವಿಫ್ಟ್‌ನಲ್ಲಿ ಅದಿಲ್ಲ. ಅಲ್ಲಿ 'ವೀಕ್ ರೆಫರೆನ್ಸ್' ಬಳಸಿ ಸುತ್ತನ್ನ ಮುರಿಯೋದು ನಿಮ್ಮ ಜವಾಬ್ದಾರಿ. ವೀಕ್ ರೆಫರೆನ್ಸ್ ಅಂದರೆ 'ಇವರ ಪರಿಚಯ ನನಗಿದೆ, ಆದರೆ ನನಗೋಸ್ಕರ ಇವರ ಕೋಣೆ ಇಟ್ಕೋಬೇಡಿ' ಅನ್ನೋ ಚೀಟಿ.

ಇದು ಬಹ್ರೇನಿನಲ್ಲಿ ಕೂತವರಿಗೆ ಯಾಕೆ ಬೇಕು? ಅಮೆಜಾನ್ ವೆಬ್ ಸರ್ವಿಸಸ್ ಮಧ್ಯಪ್ರಾಚ್ಯದ ತನ್ನ ಮೊದಲ ರೀಜನ್ ತೆರೆದದ್ದು ಇಲ್ಲೇ, 2019ರ ಜುಲೈನಲ್ಲಿ. ಮೆಮೊರಿ ಈಗ ಬಾಡಿಗೆ ಸರಕು: ದೊಡ್ಡ ಮೆಮೊರಿಯ ಮಷೀನಿಗೆ ದೊಡ್ಡ ಬಿಲ್. ಇನ್ನೊಂದು ವಿಷಯ ಹಣಕ್ಕಿಂತ ಮುಖ್ಯ. ಹೊಸ ಕೋಡ್ ಹಾಕಿದಾಗೆಲ್ಲ ಪ್ರೋಗ್ರಾಂ ಹೊಸದಾಗಿ ಶುರುವಾಗುತ್ತೆ, ಕಟ್ಟಿಕೊಂಡದ್ದೆಲ್ಲ ತೊಳೆದುಹೋಗುತ್ತೆ. ವಾರಕ್ಕೊಮ್ಮೆ ಕೋಡ್ ಹಾಕೋ ತಂಡಕ್ಕೆ ಲೀಕ್ ಇರೋದೇ ಗೊತ್ತಾಗಲ್ಲ. ಈದ್ ರಜೆ ಬರುತ್ತೆ, ಯಾರೂ ಏನೂ ಮುಟ್ಟೋದಿಲ್ಲ, ಪ್ರೋಗ್ರಾಂ ಮೊದಲ ಸಲ ಹತ್ತು ದಿನ ಒಂದೇ ಸಮ ಓಡುತ್ತೆ, ಆಮೇಲೆ ಬೀಳುತ್ತೆ. ರಾತ್ರಿ ಫೋನ್ ಬರೋದು ರಜೆಗೆ ಊರಿಗೆ ಹೋಗದೇ ಉಳಿದವರಿಗೆ.

ಇದಕ್ಕೆ ಬಹಳ ಕಡೆ ಇರೋ ಮದ್ದು: ದಿನಾ ರಾತ್ರಿ ರೀಸ್ಟಾರ್ಟ್. ಬೈಯೋದು ಸುಲಭ, ಆದರೆ ಬಲ್ಲವರೂ ಈ ದಾರಿ ಹಿಡಿದದ್ದುಂಟು. 2017ರಲ್ಲಿ ಇನ್‌ಸ್ಟಾಗ್ರಾಮ್ ತನ್ನ ಪೈಥಾನ್ ಸರ್ವರ್‌ಗಳಲ್ಲಿ ಸುತ್ತು ಹುಡುಕೋ ಕಲೆಕ್ಟರನ್ನೇ ಆಫ್ ಮಾಡಿ, ಸುಮಾರು 10% ಲಾಭ ಆಯ್ತು ಅಂತ ಬರೆಯಿತು. ಅದೇ ವರ್ಷದ ಕೊನೆಗೆ ಕಲೆಕ್ಟರನ್ನ ಮತ್ತೆ ಬಳಸೋ ದಾರಿ ಹುಡುಕಿತು. ಅದರ ಫಲವಾಗಿ ಪೈಥಾನ್ 3.7ಕ್ಕೆ 'ಜಿಸಿ.ಫ್ರೀಜ್' ಬಂತು. ಅವರು ಅಳೆದು, ಗೊತ್ತಿದ್ದು ಮಾಡಿದರು. ಗೊತ್ತಿಲ್ಲದೇ ರೀಸ್ಟಾರ್ಟ್ ಮಾಡೋದು ಬೇರೆ ವಿಷಯ.

ಈಗ ಟೆಸ್ಟುಗಳಿಗೆ ಬರೋಣ. ಮೂರು ಬಗೆ ಇವೆ.

ಮೊದಲನೆಯದು ತೂಕದ ಟೆಸ್ಟು. ಒಂದೇ ಕೆಲಸವನ್ನ ಸಾವಿರ ಸಲ ಮಾಡಿಸಿ, ಮೆಮೊರಿ ಏರಿತಾ ಅಂತ ನೋಡೋದು. ಎಲ್ಲರೂ ಮೊದಲು ಬರೆಯೋದು ಇದನ್ನೇ, ಇದೇ ಮೂರರಲ್ಲಿ ದುರ್ಬಲ. ಬಿಡುಗಡೆಯಾದ ಮೆಮೊರಿಯನ್ನ ಪ್ರೋಗ್ರಾಂ ಕೂಡಲೇ ಆಪರೇಟಿಂಗ್ ಸಿಸ್ಟಮ್‌ಗೆ ವಾಪಸ್ ಕೊಡಬೇಕು ಅಂತೇನಿಲ್ಲ, ಆದ್ದರಿಂದ ಲೀಕ್ ಇಲ್ಲದಿದ್ರೂ ಅಂಕಿ ಏರಬಹುದು. ಎಷ್ಟು ಏರಿದರೆ ತಪ್ಪು ಅನ್ನೋದನ್ನ ನಾವೇ ಅಂದಾಜಿನಲ್ಲಿ ಇಡ್ತೀವಿ. ಟೆಸ್ಟು ಫೇಲ್ ಆದರೆ ಆ ಮಿತಿಯನ್ನ ಇನ್ನಷ್ಟು ಏರಿಸ್ತೀವಿ. ಯಾವ ವಸ್ತು ಉಳೀತು ಅನ್ನೋದು ಮಾತ್ರ ಗೊತ್ತಾಗೋದೇ ಇಲ್ಲ.

ಎರಡನೆಯದು ಆಕಾರದ ಟೆಸ್ಟು. ಪರ್ಲ್‌ನ 'ಟೆಸ್ಟ್::ಮೆಮೊರಿ::ಸೈಕಲ್' ಇದರ ಒಳ್ಳೇ ಮಾದರಿ. ನೀವು ಕೊಟ್ಟ ವಸ್ತುವಿನಿಂದ ಹೊರಟು, ಒಳಗಿನ ಎಲ್ಲ ಕೊಂಡಿಗಳನ್ನ ಹಿಡಿದು ನಡೆದು, ಶುರುವಾದ ಜಾಗಕ್ಕೇ ಬಂದರೆ ಆ ದಾರಿಯನ್ನ ಬರೆದು ತೋರಿಸುತ್ತೆ. ವೀಕ್ ಕೊಂಡಿಗಳನ್ನ ಲೆಕ್ಕಕ್ಕೆ ತಗೋಬೇಕೋ ಬೇಡವೋ ಅನ್ನೋದಕ್ಕೆ ಬೇರೆಬೇರೆ ಫಂಕ್ಷನ್ ಇವೆ. ದಾರಿ ತೋರಿಸೋದೇ ಇದರ ದೊಡ್ಡ ಗುಣ, ಯಾಕಂದ್ರೆ ಎಲ್ಲಿ ಕತ್ತರಿಸಬೇಕು ಅನ್ನೋದು ಅಲ್ಲೇ ಕಾಣುತ್ತೆ. ಕೊರತೆ ಏನಂದ್ರೆ, ಕೆಲಸ ಮುಗಿದಾಗ ನಿಮ್ಮ ಕೋಡೇ ಮುರಿದುಹಾಕೋ ಸುತ್ತನ್ನೂ ಇದು ತಪ್ಪು ಅನ್ನುತ್ತೆ. ಸಿ ಭಾಷೆಯಲ್ಲಿ ಬರೆದ ಭಾಗದೊಳಗೆ ಬಚ್ಚಿಟ್ಟ ಕೊಂಡಿ ಇದಕ್ಕೆ ಕಾಣಲ್ಲ.

ಮೂರನೆಯದು 'ಹೋಗಿದೆಯಾ?' ಅಂತ ನೇರವಾಗಿ ಕೇಳೋ ಟೆಸ್ಟು. ಪೈಥಾನ್‌ನಲ್ಲಿ ಹೀಗೆ. ಕಲೆಕ್ಟರ್ ಆಫ್ ಮಾಡಿ. ವಸ್ತುವನ್ನ ಮಾಡಿ, ಬಳಸಿ, ಅದಕ್ಕೊಂದು ವೀಕ್ ರೆಫರೆನ್ಸ್ ಮಾತ್ರ ಇಟ್ಕೊಳ್ಳಿ. ಉಳಿದ ಹೆಸರುಗಳನ್ನ ಅಳಿಸಿ, ವೀಕ್ ರೆಫರೆನ್ಸನ್ನ ಕೇಳಿ. 'ನನ್' ಅಂತ ಬಂದರೆ ವಸ್ತು ಹೋಗಿದೆ, ಟೆಸ್ಟು ಪಾಸ್. ಇನ್ನೂ ಇದ್ದರೆ ಕಲೆಕ್ಟರನ್ನ ಕೈಯಾರೆ ಒಮ್ಮೆ ಓಡಿಸಿ. ಈಗ ಹೋಯ್ತು ಅಂದರೆ ಅಲ್ಲೊಂದು ಸುತ್ತು ಇತ್ತು. ಈಗಲೂ ಹೋಗಲಿಲ್ಲ ಅಂದರೆ ಅದು ಸುತ್ತಿನ ತಪ್ಪಲ್ಲ; ಯಾವುದೋ ಗ್ಲೋಬಲ್ ಪಟ್ಟಿಯೋ ಕ್ಯಾಶೋ ಹಿಡ್ಕೊಂಡಿದೆ. ಸ್ವಿಫ್ಟ್ ಬರೆಯೋರೂ ಟೆಸ್ಟು ಮುಗಿಯುವಾಗ ವೀಕ್ ವೇರಿಯಬಲ್ 'ನಿಲ್' ಆಯ್ತಾ ಅಂತ ಇದೇ ರೀತಿ ನೋಡ್ತಾರೆ.

ನನ್ನ ತೀರ್ಪು ಮೂರನೆಯದರ ಕಡೆಗಿದೆ. ಅಂದಾಜಿನ ಮಿತಿ ಬೇಡ, ಉತ್ತರ ಹೌದು ಅಥವಾ ಇಲ್ಲ, ತಪ್ಪಾದಾಗ ಯಾವ ಜಾತಿಯ ತಪ್ಪು ಅಂತಲೂ ಹೇಳುತ್ತೆ. ಮಿತಿ ಒಂದೇ: ನೀವು ನೆನಪಿಟ್ಟು ಕೇಳಿದ ವಸ್ತುವಿನ ಬಗ್ಗೆ ಮಾತ್ರ ಉತ್ತರ ಸಿಗುತ್ತೆ. ಆದ್ದರಿಂದ ಯಾವುದನ್ನ ಕೇಳಬೇಕು ಅನ್ನೋದು ಮುಖ್ಯ.

ಪಾಠಗಳು ಕೈಕೊಡೋದು ಇಲ್ಲಿ. ಅವು 'ಅ' ವಸ್ತು 'ಆ' ವಸ್ತುವನ್ನ ಹಿಡಿದಿದೆ, 'ಆ' 'ಅ'ವನ್ನ ಹಿಡಿದಿದೆ ಅನ್ನೋ ಚಿತ್ರ ತೋರಿಸಿ ಮುಗಿಸ್ತವೆ. ನಿಜವಾದ ಸುತ್ತುಗಳು ಅಷ್ಟು ಬೆತ್ತಲೆಯಾಗಿ ನಿಲ್ಲೋದಿಲ್ಲ. ಸ್ಕ್ರೀನ್ ಒಂದು ಬಟನ್ ಇಟ್ಕೊಂಡಿರುತ್ತೆ, ಬಟನ್ ಒಂದು ಕಾಲ್‌ಬ್ಯಾಕ್ ಇಟ್ಕೊಂಡಿರುತ್ತೆ, ಕಾಲ್‌ಬ್ಯಾಕ್ ತನ್ನೊಳಗೆ ಅದೇ ಸ್ಕ್ರೀನನ್ನ ಹಿಡಿದಿರುತ್ತೆ. ಪೈಥಾನ್ 3ರಲ್ಲಿ ಎಕ್ಸೆಪ್ಷನ್‌ಗೆ ಕೊಟ್ಟ ಹೆಸರು ಆ ಬ್ಲಾಕ್ ಮುಗಿದ ಕೂಡಲೇ ತಾನೇ ಅಳಿಸಿಹೋಗೋದು ಯಾಕೆ ಗೊತ್ತಾ? ಎಕ್ಸೆಪ್ಷನ್ ತನ್ನ ಟ್ರೇಸ್‌ಬ್ಯಾಕನ್ನ, ಅದು ಫಂಕ್ಷನ್ನಿನ ಫ್ರೇಮನ್ನ, ಫ್ರೇಮ್ ಮತ್ತೆ ಎಕ್ಸೆಪ್ಷನ್ನನ್ನ ಹಿಡಿಯೋ ಸುತ್ತು ಆಗಬಾರದು ಅಂತ. ಭಾಷೆ ಮಾಡಿದವರೇ ಹೆದರಿದ ಸುತ್ತು ಇದು, ಹೊಸಬರ ಪಾಠದಲ್ಲಿ ಇದರ ಸುದ್ದಿ ಬರೋದು ಅಪರೂಪ.

ಕಾಲ್‌ಬ್ಯಾಕ್, ತಂದೆ-ಮಗುವಿನ ಹಾಗೆ ಹೆಣೆದ ವಸ್ತುಗಳು, ಎತ್ತಿಟ್ಟುಕೊಂಡ ಎಕ್ಸೆಪ್ಷನ್‌ಗಳು: ಈ ಮೂರು ಜಾಗಗಳಿಗೆ ಒಂದೊಂದು 'ಹೋಗಿದೆಯಾ' ಟೆಸ್ಟು ಬರೆದು ನೋಡಿ. ಒಂದೊಂದಕ್ಕೂ ಹತ್ತು ಸಾಲು ಸಾಕು. ಮುಂದಿನ ಈದ್‌ಗೆ ಮೊದಲೇ ಬರೆದರೆ ಒಳ್ಳೇದು.