ತಕ್ಕಡಿಗೆ ಸಿಗದ ಉರಿ

ಚಿಕ್ಕಮ್ಮನ ಚಿಕಿತ್ಸೆಯ ಫೈಲು ಈಗಲೂ ನಮ್ಮ ಬೀರುವಿನಲ್ಲಿದೆ. ಮೊದಲ ಪುಟದಲ್ಲಿ ನರ್ಸ್ ಬರೆದ ಮೂರು ಅಂಕಿ: ಎತ್ತರ 152 ಸೆಂ.ಮೀ., ತೂಕ 52 ಕೆ.ಜಿ., ಬಿಎಂಐ 22.5. ಪಕ್ಕದಲ್ಲಿ ‘ನಾರ್ಮಲ್’ ಎಂದು ಬರೆದು ಅಡಿಗೆರೆ ಎಳೆದಿದ್ದಾರೆ. ಮುಟ್ಟು ನಿಂತು ಎಂಟು ವರ್ಷವಾದ ಮೇಲೆ ಅವರಿಗೆ ಸ್ತನದ ಕ್ಯಾನ್ಸರ್ ಕಾಣಿಸಿಕೊಂಡಿತ್ತು. ಕೈಕಾಲು ಕಡ್ಡಿಯಂತಿದ್ದ ಹೆಂಗಸು. ಆದರೆ ಲಂಗದ ಲಾಡಿ ವರ್ಷವರ್ಷಕ್ಕೂ ಗಿಡ್ಡವಾಗುತ್ತಿದೆ, ಗಂಟು ಹಾಕಲು ತುದಿ ಸಿಗುವುದಿಲ್ಲ ಎಂದು ಅವರು ಗೊಣಗುತ್ತಿದ್ದುದು ಮನೆಯವರಿಗೆಲ್ಲ ಗೊತ್ತಿತ್ತು. ಲಾಡಿಗೆ ತಿಳಿದಿದ್ದ ಆ ಸಂಗತಿ ಫೈಲಿನ ಯಾವ ಪುಟದಲ್ಲೂ ಇಲ್ಲ.

ಅವರ ಕಾಯಿಲೆಗೆ ಆ ಹೊಟ್ಟೆಯೇ ಕಾರಣವೆಂದು ನಾನು ಹೇಳುತ್ತಿಲ್ಲ. ಒಬ್ಬ ವ್ಯಕ್ತಿಯ ವಿಷಯದಲ್ಲಿ ಹಾಗೆ ಬೊಟ್ಟು ಮಾಡಲು ಯಾರಿಗೂ ಸಾಧ್ಯವಿಲ್ಲ. ನನ್ನ ತಕರಾರು ಬೇರೆ. ಬೊಜ್ಜಿಗೂ ಕ್ಯಾನ್ಸರಿಗೂ ಇರುವ ನಂಟಿನಲ್ಲಿ ತೂಕಕ್ಕಿಂತ ದೊಡ್ಡ ಪಾತ್ರ ಉರಿಯೂತಕ್ಕೆ ಸಿಕ್ಕ ಕೊಬ್ಬಿನದು ಎಂದು ಪ್ರಯೋಗಾಲಯಗಳು ಇಪ್ಪತ್ತು ವರ್ಷಗಳಿಂದ ಹೇಳುತ್ತಿವೆ. ನಮ್ಮ ತಪಾಸಣೆಯ ಪದ್ಧತಿ ಮಾತ್ರ ಇನ್ನೂ ತೂಕದ ಯಂತ್ರವನ್ನೊಂದೇ ಸಾಕ್ಷಿಗೆ ಕರೆಯುತ್ತಿದೆ.

ನಂಟು ಇದೆಯೆಂಬುದರಲ್ಲಿ ಈಗ ಅನುಮಾನ ಉಳಿದಿಲ್ಲ. ಅಮೆರಿಕದ ಒಂಬತ್ತು ಲಕ್ಷ ವಯಸ್ಕರನ್ನು 16 ವರ್ಷ ಹಿಂಬಾಲಿಸಿದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಆ ದೇಶದ ಕ್ಯಾನ್ಸರ್ ಸಾವುಗಳಲ್ಲಿ ಗಂಡಸರಲ್ಲಿ 14%, ಹೆಂಗಸರಲ್ಲಿ 20% ಅತಿತೂಕದ ಲೆಕ್ಕಕ್ಕೆ ಹೋಗಬಹುದೆಂದು ಅದು ಅಂದಾಜಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2016ರಲ್ಲಿ 13 ಬಗೆಯ ಕ್ಯಾನ್ಸರುಗಳಿಗೆ ಸಾಕಷ್ಟು ಪುರಾವೆ ಇದೆ ಎಂದು ತೀರ್ಪು ಕೊಟ್ಟಿತು. ದೊಡ್ಡ ಕರುಳು, ಯಕೃತ್ತು, ಪಿತ್ತಕೋಶ, ಮೇದೋಜ್ಜೀರಕ, ಮೂತ್ರಪಿಂಡ, ಗರ್ಭಕೋಶ, ಅಂಡಾಶಯ, ಥೈರಾಯ್ಡ್, ಮುಟ್ಟು ನಿಂತವರ ಸ್ತನ, ಎಲ್ಲವೂ ಆ ಪಟ್ಟಿಯಲ್ಲಿವೆ. ಹೊಗೆಸೊಪ್ಪಿನ ವಿಷಯದಲ್ಲಿ ಹಿಂದೊಮ್ಮೆ ಬೇಕಾಗಿದ್ದಂಥ ಧೈರ್ಯದ ಕೆಲಸ ಇದು, ಗೌರವಿಸಬೇಕಾದದ್ದು. ಆದರೆ ಪುರಾವೆಯ ಬಹುಪಾಲು ನಿಂತಿರುವುದು ಎತ್ತರ ತೂಕದ ಲೆಕ್ಕವಾದ ಬಿಎಂಐ ಮೇಲೆ. ಎಷ್ಟು ಮಂದಿಗೆ ಅಪಾಯ ಎಂದು ಅದು ಹೇಳೀತು. ಯಾಕೆ, ಯಾರಿಗೆ ಎಂದು ಕೇಳಿದರೆ ಬಾಯಿ ಬಿಡುವುದಿಲ್ಲ.

ಯಾಕೆ ಎಂಬುದಕ್ಕೆ ಸೂಕ್ಷ್ಮದರ್ಶಕದ ಕೆಳಗೆ ಬಗ್ಗಬೇಕು. ಕೊಬ್ಬಿನ ಅಂಗಾಂಶವೆಂದರೆ ಉಗ್ರಾಣ, ಉಳಿದದ್ದನ್ನು ತುಂಬಿಡುವ ಜಾಗ ಎಂದೇ ವೈದ್ಯರು ಬಹುಕಾಲ ತಿಳಿದಿದ್ದರು. 1993ರಲ್ಲಿ ಬೊಜ್ಜಿನ ಇಲಿಗಳ ಕೊಬ್ಬೇ ಟಿಎನ್‌ಎಫ್ ಎಂಬ ಉರಿಯೂತದ ರಾಸಾಯನಿಕವನ್ನು ಸುರಿಸುತ್ತಿರುವುದು ಗೊತ್ತಾಯಿತು. ಮರುವರ್ಷ ಕೊಬ್ಬೇ ತಯಾರಿಸುವ ಲೆಪ್ಟಿನ್ ಎಂಬ ಹಾರ್ಮೋನು ಸಿಕ್ಕಿತು. 2003ರಲ್ಲಿ ಇನ್ನೊಂದು ಅಚ್ಚರಿ: ತೆಳ್ಳಗಿನ ದೇಹದ ಕೊಬ್ಬಿನಲ್ಲಿ ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶಗಳು ಹತ್ತರಲ್ಲಿ ಒಂದಕ್ಕೂ ಕಡಿಮೆ, ಬೊಜ್ಜು ಬಂದ ಮನುಷ್ಯರಲ್ಲಿ ಅವು ಶೇಕಡಾ ನಲವತ್ತರ ಹತ್ತಿರ ಹೋಗುತ್ತವೆ. ಅಂದರೆ ಉಗ್ರಾಣವೆಂದು ನಂಬಿದ್ದ ಜಾಗದಲ್ಲಿ ಐದರಲ್ಲಿ ಎರಡು ಪಾಲಿನಷ್ಟು ಪಹರೆಯವರೇ ತುಂಬಿಕೊಂಡಿದ್ದರು.

ಅವರು ಅಲ್ಲಿಗೆ ಬರಲು ಕಾರಣವಿದೆ. ಕೊಬ್ಬಿನ ಕೋಶ ಊದುತ್ತಾ ಊದುತ್ತಾ ಒಂದು ಹಂತಕ್ಕೆ ಬಂದಾಗ ರಕ್ತದ ಪೂರೈಕೆ ಸಾಲದೆ ಉಸಿರುಕಟ್ಟುತ್ತದೆ, ಸಾಯುತ್ತದೆ. ಹೆಣ ಎತ್ತುವುದು ಮ್ಯಾಕ್ರೋಫೇಜ್‌ಗಳ ಕೆಲಸ. ಆದರೆ ಸತ್ತ ಕೋಶ ಬಿಟ್ಟುಹೋದ ಎಣ್ಣೆಯ ಹನಿ ಒಬ್ಬರ ಬಾಯಿಗೆ ಹಿಡಿಯುವಷ್ಟು ಸಣ್ಣದಲ್ಲ. ಹಾಗಾಗಿ ಹತ್ತಾರು ಕೋಶಗಳು ಅದರ ಸುತ್ತ ಮೈಗೆ ಮೈ ತಾಗಿಸಿ ನಿಲ್ಲುತ್ತವೆ. ಬಣ್ಣ ಹಾಕಿದ ಗಾಜಿನ ಸ್ಲೈಡಿನಲ್ಲಿ ನೋಡಿದರೆ ಬಿಳಿಯ ಖಾಲಿ ವೃತ್ತ, ಅದರ ಅಂಚಿಗೆ ಮುತ್ತು ಪೋಣಿಸಿದ ಬಳೆ. ವಿಜ್ಞಾನಿಗಳು ಇದನ್ನು ಕಿರೀಟಕ್ಕೆ ಹೋಲಿಸಿ ಹೆಸರಿಟ್ಟಿದ್ದಾರೆ. ನ್ಯೂಯಾರ್ಕಿನ ತಂಡವೊಂದು 2011ರಲ್ಲಿ ಸ್ತನದ ಶಸ್ತ್ರಚಿಕಿತ್ಸೆಗೆ ಬಂದ 30 ಹೆಂಗಸರ ಅಂಗಾಂಶ ಪರೀಕ್ಷಿಸಿದಾಗ 14 ಮಂದಿಯಲ್ಲಿ ಇಂಥ ಬಳೆಗಳು ಸಿಕ್ಕವು.

ಬಳೆ ಕಟ್ಟಿ ನಿಂತ ಕೋಶಗಳು ಸುಮ್ಮನಿರುವುದಿಲ್ಲ. ಟಿಎನ್‌ಎಫ್, ಇಂಟರ್‌ಲ್ಯೂಕಿನ್-6 ಮೊದಲಾದವನ್ನು ದಿನವಿಡೀ ಸುರಿಸುತ್ತವೆ. ಆ ಸುರಿತಕ್ಕೆ ಪಕ್ಕದ ಕೊಬ್ಬಿನಲ್ಲಿ ಅರೋಮಟೇಸ್ ಎಂಬ ಕಿಣ್ವ ಹೆಚ್ಚುತ್ತದೆ. ಅದು ಈಸ್ಟ್ರೊಜೆನ್ ತಯಾರಿಸುತ್ತದೆ. ಮುಟ್ಟು ನಿಂತ ಮೇಲೆ ಅಂಡಾಶಯ ಕೈಬಿಟ್ಟ ಕೆಲಸವನ್ನು ಕೊಬ್ಬು ಎತ್ತಿಕೊಳ್ಳುತ್ತದೆ, ಅದೂ ಸ್ತನದ ಒಳಗೇ. ಈಸ್ಟ್ರೊಜೆನ್ ಉಂಡು ಬೆಳೆಯುವ ಗಡ್ಡೆಗೆ ಮನೆಬಾಗಿಲಲ್ಲೇ ಊಟ. ಗಾಯ ಮಾಯಿಸಲು ಬಂದವರೇ ಗಾಯ ಮಾಯದಂತೆ ನೋಡಿಕೊಳ್ಳುವ ಈ ಸ್ಥಿತಿಗೆ ನಮ್ಮಲ್ಲಿ ಮಾತೇ ಇದೆ: ಬೇಲಿಯೇ ಎದ್ದು ಹೊಲ ಮೇಯುವುದು. ಗಡ್ಡೆಯಲ್ಲಿ ಬಿಳಿ ರಕ್ತಕಣಗಳನ್ನು ಕಂಡು, ಕಿರಿಕಿರಿಯಾದ ಜಾಗದಲ್ಲೇ ಕ್ಯಾನ್ಸರ್ ಹುಟ್ಟುತ್ತದೆಯೇ ಎಂದು ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಖೊ 1863ರಲ್ಲೇ ಕೇಳಿದ್ದ. ಉತ್ತರ ಸಿಗಲು ಒಂದೂವರೆ ಶತಮಾನ ಬೇಕಾಯಿತು.

ಬೇಲಿ ಹೀಗಾದರೆ ಕಾವಲುಗಾರರ ಪಾಡೂ ಚೆನ್ನಾಗಿಲ್ಲ. ಗಡ್ಡೆಯನ್ನು ಕೊಲ್ಲಬಲ್ಲ ಎನ್‌ಕೆ ಕೋಶಗಳು ಬೊಜ್ಜಿನ ದೇಹದಲ್ಲಿ ಕೊಬ್ಬು ತುಂಬಿಕೊಂಡು, ವೈರಿಯನ್ನು ಗುರುತಿಸಿದರೂ ಹೊಡೆಯಲಾರದೆ ನಿಲ್ಲುತ್ತವೆ ಎಂದು ಡಬ್ಲಿನ್ ಸಂಶೋಧಕರು 2018ರಲ್ಲಿ ತೋರಿಸಿದರು. ಹಾರ್ವರ್ಡ್ ತಂಡ 2020ರಲ್ಲಿ ಕೊಬ್ಬಿನ ಆಹಾರ ತಿಂದ ಇಲಿಗಳಲ್ಲಿ ಕಂಡದ್ದು ಇನ್ನೊಂದು ಬಗೆಯ ಅನ್ಯಾಯ. ಗಡ್ಡೆಯ ಕೋಶಗಳು ಸುತ್ತಲಿನ ಕೊಬ್ಬನ್ನು ತಾವೇ ಕಬಳಿಸುವುದನ್ನು ಕಲಿತವು, ಗಡ್ಡೆಯೊಡನೆ ಹೋರಾಡುವ ಟಿ ಕೋಶಗಳಿಗೆ ಇಂಧನ ಸಾಲದಾಯಿತು.

ಇಷ್ಟು ಸೂಕ್ಷ್ಮವಾದ ಕಥೆಯನ್ನು ಎತ್ತರ ತೂಕದ ಭಾಗಾಕಾರದಿಂದ ಹಿಡಿಯಲು ಹೊರಟದ್ದೇ ತಪ್ಪಿನ ಬುಡ. ಈ ಭಾಗಾಕಾರ ಹತ್ತೊಂಬತ್ತನೇ ಶತಮಾನದಲ್ಲಿ ಬೆಲ್ಜಿಯಂನ ಕೆಟ್ಲೆ ಎಂಬ ಖಗೋಳ ಮತ್ತು ಸಂಖ್ಯಾಶಾಸ್ತ್ರಜ್ಞ ‘ಸರಾಸರಿ ಮನುಷ್ಯ’ನನ್ನು ಹುಡುಕುತ್ತಾ ಮಾಡಿಕೊಂಡದ್ದು, ರೋಗಿಗಳಿಗಾಗಿ ಮಾಡಿದ್ದಲ್ಲ. 1972ರಲ್ಲಿ ಅಮೆರಿಕದ ಶರೀರಶಾಸ್ತ್ರಜ್ಞ ಆನ್ಸೆಲ್ ಕೀಸ್ ಅದಕ್ಕೆ ಬಿಎಂಐ ಎಂದು ಹೆಸರಿಟ್ಟಾಗ ಐದು ದೇಶಗಳ 7,000ಕ್ಕೂ ಹೆಚ್ಚು ಜನರ ಅಳತೆಯನ್ನು ಆಧಾರವಾಗಿಟ್ಟುಕೊಂಡ. ಅವರೆಲ್ಲ ಗಂಡಸರು. ಭಾರತ ಆ ಐದರಲ್ಲಿ ಇರಲಿಲ್ಲ. ಗರ್ಭಕೋಶದ, ಸ್ತನದ ಕ್ಯಾನ್ಸರಿನ ಅಪಾಯವನ್ನು ಇಂದು ಅದೇ ಅಳತೆಗೋಲಿನಿಂದ ಅಳೆಯುತ್ತಿದ್ದೇವೆ ಎಂದು ನೆನೆದರೆ ನನಗೆ ಸಿಟ್ಟು ಬರುತ್ತದೆ.

ನಮ್ಮ ದೇಹಗಳಿಗೆ ಈ ಕೋಲು ಇನ್ನೂ ಒಗ್ಗುವುದಿಲ್ಲ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ವೈದ್ಯ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮದೇ ಫೋಟೋ ಹಾಕಿಸಿದರು. ಇಬ್ಬರ ಬಿಎಂಐ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು 9.1%, ಯಾಜ್ಞಿಕ್ ಮೈಯಲ್ಲಿ 21.2%. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ನಮ್ಮೂರ ಬಾಯಲ್ಲಿ ಮಿಷನ್ ಆಸ್ಪತ್ರೆಯಲ್ಲಿ, ಹುಟ್ಟಿದ ಕೂಸುಗಳನ್ನು ಅಳೆದವರು ಕಂಡದ್ದೂ ಇದನ್ನೇ. ಕೂಸು ಬ್ರಿಟಿಷ್ ಕೂಸಿಗಿಂತ ಹಗುರ, ಸ್ನಾಯು ಕಡಿಮೆ. ಬೆನ್ನಿನ ಚರ್ಮವನ್ನು ಮಡಿಸಿ ಹಿಡಿದರೆ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಿಲ್ಲ. ತೆಳ್ಳಗೆ ಕಾಣುವ ಕೊಬ್ಬಿನ ಮೈ ನಮಗೆ ತೊಟ್ಟಿಲಿನಿಂದಲೇ ಬಂದಿದೆ.

ಅಳತೆಗೋಲಿನ ಈ ದೋಷ ಕ್ಯಾನ್ಸರಿನಲ್ಲಿ ಎಷ್ಟು ದುಬಾರಿ ಎಂಬುದಕ್ಕೆ 2019ರಲ್ಲಿ ಪುರಾವೆ ಬಂತು. ಮುಟ್ಟು ನಿಂತ 3,460 ಅಮೆರಿಕನ್ ಮಹಿಳೆಯರು, ಎಲ್ಲರ ಬಿಎಂಐ ‘ನಾರ್ಮಲ್’. ಸ್ಕ್ಯಾನ್ ಮಾಡಿ ಕೊಬ್ಬು ಅಳೆದು ಸುಮಾರು 16 ವರ್ಷ ಕಾದು ನೋಡಿದರು. ಅತಿ ಹೆಚ್ಚು ಕೊಬ್ಬಿದ್ದ ಕಾಲುಭಾಗದವರಿಗೆ ಸ್ತನ ಕ್ಯಾನ್ಸರಿನ ಅಪಾಯ ಅತಿ ಕಡಿಮೆಯಿದ್ದವರಿಗಿಂತ ಸುಮಾರು ದುಪ್ಪಟ್ಟು. ಚಿಕ್ಕಮ್ಮನ ಫೈಲಿನ ಆ ಅಡಿಗೆರೆ ನನ್ನ ಕಣ್ಣಿಗೆ ಕಟ್ಟಿದ್ದು ಈ ಅಧ್ಯಯನ ಓದಿದಾಗ.

ತಪ್ಪು ಕೋಲು ತಪ್ಪು ಸಮಾಧಾನವನ್ನೂ ಕೊಡುತ್ತದೆ. ಇಮ್ಯುನೋಥೆರಪಿ ಎಂಬ, ದೇಹದ ರಕ್ಷಣಾ ಕೋಶಗಳನ್ನು ಹುರಿದುಂಬಿಸುವ ಚಿಕಿತ್ಸೆ ಪಡೆದ ಮೆಲನೋಮಾ (ಚರ್ಮದ ಕ್ಯಾನ್ಸರ್) ರೋಗಿಗಳಲ್ಲಿ ಬೊಜ್ಜಿದ್ದ ಗಂಡಸರು ಹೆಚ್ಚು ಕಾಲ ಬದುಕಿದರೆಂದು 2018ರಲ್ಲಿ ವರದಿಯಾದಾಗ, ಬೊಜ್ಜು ಒಳ್ಳೆಯದೇ ಎಂಬ ಮಾತು ಹಬ್ಬಿತು. ಇದರಲ್ಲಿ ಸತ್ಯಾಂಶವಿದೆ, ಅದನ್ನು ಮುಚ್ಚಿಡಬಾರದು. ಲೆಪ್ಟಿನ್ ಮತ್ತು ಉರಿಯೂತ ಟಿ ಕೋಶಗಳ ಮೇಲೆ ಪಿಡಿ-1 ಎಂಬ ಬ್ರೇಕನ್ನು ಒತ್ತಿಹಿಡಿಯುತ್ತವೆ; ಆ ಬ್ರೇಕನ್ನೇ ಸಡಿಲಿಸುವ ಔಷಧಿಗೆ ಅಲ್ಲಿ ಹೆಚ್ಚು ಕೆಲಸ ಸಿಗುತ್ತದೆ. ಅದೇ ಬ್ರೇಕು ಮ್ಯಾಕ್ರೋಫೇಜ್‌ಗಳ ಮೇಲೂ ಇದೆಯೆಂದು ವ್ಯಾಂಡರ್‌ಬಿಲ್ಟ್ ತಂಡ 2024ರಲ್ಲಿ ತೋರಿಸಿತು. ಆದರೆ ರೋಗ ಬಂದ ಮೇಲೆ ಒಂದು ಔಷಧಿ ಚೆನ್ನಾಗಿ ಹತ್ತುವುದು ಬೇರೆ, ರೋಗ ಬಾರದಿರುವುದು ಬೇರೆ. ಜತೆಗೆ ಇಲ್ಲೂ ಅಳೆದದ್ದು ಬಿಎಂಐ. ಕ್ಯಾನ್ಸರ್ ಮೈಯನ್ನು ಸೊರಗಿಸುತ್ತದೆ, ಸೊರಗಿದವರು ಬೇಗ ಸಾಯುತ್ತಾರೆ, ಸ್ನಾಯು ಉಳಿದವರು ತೂಗುತ್ತಾರೆ. ಗೆದ್ದದ್ದು ಕೊಬ್ಬೋ ಸ್ನಾಯುವೋ ಎಂದು ಆ ಅಂಕಿಯಿಂದ ತಿಳಿಯುವುದು ಹೇಗೆ?

ಉರಿಯೂತದ ವಾದವನ್ನು ಒಪ್ಪುವವರೂ ಹಿಗ್ಗಿ ಮಾತಾಡಬಾರದು. 2017ರಲ್ಲಿ ಹತ್ತು ಸಾವಿರ ಹೃದ್ರೋಗಿಗಳ ಪ್ರಯೋಗವೊಂದರಲ್ಲಿ ಇಂಟರ್‌ಲ್ಯೂಕಿನ್-1ನ್ನು ತಡೆಯುವ ಕೆನಕಿನುಮ್ಯಾಬ್ ಪಡೆದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಯಿತು. ಎಲ್ಲರೂ ಕುಣಿದರು. ಅದೇ ಔಷಧಿಯನ್ನು ಕ್ಯಾನ್ಸರ್ ರೋಗಿಗಳಿಗೇ ಕೊಟ್ಟ ಮುಂದಿನ ಪ್ರಯೋಗಗಳು ಕೈಕೊಟ್ಟವು. ಉರಿ ಹತ್ತದಂತೆ ನೋಡಿಕೊಳ್ಳುವುದೂ ಹತ್ತಿದ ಮನೆಯನ್ನು ಆರಿಸುವುದೂ ಒಂದೇ ಕೆಲಸವಲ್ಲ. ಅರಿಶಿನ ಹಾಲು ಕುಡಿದರೆ ಉರಿಯೂತ ಇಳಿದು ಕ್ಯಾನ್ಸರ್ ಓಡುತ್ತದೆ ಎಂದು ವಾಟ್ಸಾಪಿನಲ್ಲಿ ಬರುವ ಮಾತುಗಳನ್ನು ಈ ಸೋಲಿನ ಪಕ್ಕದಲ್ಲಿಟ್ಟು ನೋಡಿ.

ಇಷ್ಟರಿಂದ ದಪ್ಪಗಿರುವವರನ್ನು ಹೀಯಾಳಿಸುವ ನಮ್ಮ ಅಭ್ಯಾಸಕ್ಕೂ ಬುಡವಿಲ್ಲವೆಂದು ಗೊತ್ತಾಗುತ್ತದೆ. ತೂಗುವವರೆಲ್ಲ ಉರಿಯುತ್ತಿಲ್ಲ, ತೆಳ್ಳಗಿರುವವರೆಲ್ಲ ತಣ್ಣಗಿಲ್ಲ. 2023ರಲ್ಲಿ ಬಂದ ಐಸಿಎಂಆರ್ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಬಿಎಂಐ ಲೆಕ್ಕದ ಬೊಜ್ಜು 28.6%, ಹೊಟ್ಟೆಯ ಬೊಜ್ಜು 39.5%. ಈ ಎರಡು ಅಂಕಿಗಳ ನಡುವಿನ ಬಿರುಕಿನಲ್ಲಿ ಕೋಟ್ಯಂತರ ಜನ ‘ನಾರ್ಮಲ್’ ಎಂಬ ಚೀಟಿ ಹಿಡಿದು ಮನೆಗೆ ಹೋಗುತ್ತಿದ್ದಾರೆ.

ಎಲ್ಲರಿಗೂ ಸ್ಕ್ಯಾನ್ ಮಾಡಿಸಿ ಎಂದು ನಾನು ಕೇಳುತ್ತಿಲ್ಲ. ದರ್ಜಿಯ ಟೇಪು ಸಾಕು. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ತೂಕದ ಪಕ್ಕದಲ್ಲಿ ಸೊಂಟದ ಸುತ್ತಳತೆಯನ್ನೂ ಬರೆಯಿರಿ ಎಂದು ಕೇಳಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲ್ತುದಿಗೂ ಸರಿಯಾಗಿ ನಡುವೆ ಟೇಪು ಸುತ್ತಬೇಕು, ಉಸಿರು ಬಿಟ್ಟಾಗ ಓದಬೇಕು. ಭಾರತೀಯರಿಗೆ ಎಚ್ಚರಿಕೆಯ ಗೆರೆ ಹೆಂಗಸರಲ್ಲಿ 80 ಸೆಂ.ಮೀ., ಗಂಡಸರಲ್ಲಿ 90.